ಸುರುಳಿ ಕಳೆದ ನಳಿಗೆ

ಕೋವಿಯ ಚರಿತ್ರೆಯುದ್ದಕ್ಕೂ ಕಾಣುವುದು ಒಂದೇ ಹಂಬಲ. ಗುಂಡು ಇನ್ನಷ್ಟು ದೂರ ಹೋಗಬೇಕು, ಇನ್ನಷ್ಟು ನೇರ ಹೋಗಬೇಕು, ಒಂದರ ಬೆನ್ನಿಗೆ ಇನ್ನೊಂದು ಬೇಗ ಹೊರಡಬೇಕು. ನಮ್ಮ ದೇಶಕ್ಕೆಂದೇ ನಡೆದ ಒಂದು ಆವಿಷ್ಕಾರ ಮಾತ್ರ ಇದಕ್ಕೆ ಪೂರ್ತಿ ತದ್ವಿರುದ್ಧ. ಚೆನ್ನಾಗಿ ಈಡು ಹೊಡೆಯುವ ರೈಫಲ್ಲನ್ನು ತೆಗೆದುಕೊಂಡು, ಕಾರ್ಖಾನೆಯಲ್ಲಿಟ್ಟು, ಖರ್ಚು ಮಾಡಿ, ಅದನ್ನು ಬೇಕೆಂದೇ ಮೊಂಡು ಮಾಡುವ ವಿದ್ಯೆ ಅದು. ಒಮ್ಮೆ 1858ರಲ್ಲಿ ನಡೆಯಿತು, ಇಪ್ಪತ್ತನೇ ಶತಮಾನದಲ್ಲಿ ಮತ್ತೆ ನಡೆಯಿತು. ಆ ವಿದ್ಯೆಯ ಫಲ ಇವತ್ತಿಗೂ ಎಲ್ಲೋ ಒಂದು ಕಡೆ ಗೋಣಿಚೀಲದಲ್ಲಿ ಸುತ್ತಿಕೊಂಡು ಗಿರಾಕಿಗಾಗಿ ಕಾಯುತ್ತಿರುತ್ತದೆ.

ಇದನ್ನು ಬರೆಯಲು ಕಾರಣ ಹೊನ್ನಾವರ ತಾಲೂಕಿನ ಒಬ್ಬ ಹಿರಿಯ ತೋಟಿಗರು. ಶರಾವತಿಯ ದಂಡೆಗೆ ಅವರ ಅಡಿಕೆ ತೋಟ, ಬೆನ್ನಿಗೆ ಕಾಡು. ಹಗಲು ಮಂಗ ಎಳೆ ಅಡಿಕೆ ಕಚ್ಚಿ ಬೀಳಿಸುತ್ತದೆ, ರಾತ್ರಿ ಹಂದಿ ಬಾಳೆಯ ಬುಡ ಅಗೆಯುತ್ತದೆ. ತಂದೆಯ ಕಾಲದ ಕೇಪಿನ ಕೋವಿ ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದು ಕೈಕೊಡುತ್ತದೆ. ಹೀಗಿರುವಾಗ ಯಾರೋ ಬಂದು, ಹಳೆಯ ಮಿಲಿಟರಿ ರೈಫಲ್ ಇದೆ, ಒಳಗೆ ಕೆಲಸ ಮಾಡಿಸಿದ್ದು, ಹೊಸ ತೋಟಾ ಕೋವಿಯ ಅರ್ಧ ಬೆಲೆಗೂ ಕಡಿಮೆ, ಎಂದಿದ್ದಾರೆ. ಭಟ್ಕಳದಿಂದ ಕುಮಟಾದವರೆಗೆ ಘಟ್ಟದ ಬುಡದಲ್ಲಿ ತೋಟ ಮಾಡುವ ಯಾರಿಗೂ ಆಸೆ ಹುಟ್ಟಿಸುವ ಮಾತು. “ತಮಾ, ತಗಂಬ್ಲಕ್ಕಾ ಇದು?” ಎಂದು ಅವರು ಕೇಳಿದರು. “ಬೇಡ ಮಾವ” ಎಂದೆ. ಯಾಕೆ ಬೇಡ ಎಂಬುದನ್ನು ಒಂದು ಮಾತಿನಲ್ಲಿ ಹೇಳಲಾಗುವುದಿಲ್ಲ. “ಒಳಗೆ ಮಾಡಿಸಿದ ಕೆಲಸ” ಏನು, ಅದನ್ನು ಮೊದಲು ಯಾರು ಯಾಕೆ ಕಂಡುಹಿಡಿದರು ಎಂದು ತಿಳಿದರೆ ಉತ್ತರ ತಾನಾಗಿ ಬರುತ್ತದೆ.

ರೈಫಲ್ಲಿಗೆ ಆ ಹೆಸರು ಬಂದದ್ದೇ ನಳಿಗೆಯ ಒಳಮೈಯಲ್ಲಿ ಕೊರೆದ ಸುರುಳಿ ಗೀರುಗಳಿಂದ. ಗೀರು ಗುಂಡನ್ನು ತಿರುಗಿಸುತ್ತದೆ. ತಿರುಗುವ ಗುಂಡು ತಿರುಗುವ ಬುಗರಿಯ ಹಾಗೆ ಅಕ್ಷ ಬಿಡದೆ ಸಾಗುತ್ತದೆ. ಯುರೋಪಿನ ಬೇಟೆಗಾರರು ಇದನ್ನು ಶತಮಾನಗಳಿಂದ ಬಲ್ಲವರಾಗಿದ್ದರೂ ಅದರ ಹಿಂದಿನ ಲೆಕ್ಕವನ್ನು ಬಿಡಿಸಿಟ್ಟವರಲ್ಲಿ ಮುಖ್ಯ ಹೆಸರು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್. 1742ರಲ್ಲಿ ಫಿರಂಗಿಶಾಸ್ತ್ರದ ಬಗ್ಗೆ ಪುಸ್ತಕ ಬರೆದ. ಗುಂಡಿನ ವೇಗ ಅಳೆಯಲು ತೂಗುವ ಲೋಲಕದ ಉಪಾಯ ಅವನದೇ. ನುಣುಪು ನಳಿಗೆಯಿಂದ ಹೊರಟ ಗುಂಡು ಗಾಳಿಯಲ್ಲಿ ಯಾಕೆ ಅಡ್ಡ ಬಾಗುತ್ತದೆ ಎಂದು ತೋರಿಸಿಕೊಟ್ಟ. ಸುರುಳಿ ನಳಿಗೆಯನ್ನು ಮೊದಲು ಅರಿತು ಅಳವಡಿಸಿಕೊಂಡ ದೇಶವೇ ಯುದ್ಧದಲ್ಲಿ ಮೇಲುಗೈ ಸಾಧಿಸುತ್ತದೆ ಎಂದ. ಇದೇ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳ ಕೆಲಸಕ್ಕೆಂದು ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಸುರುಳಿಯ ಬಲ ವಿವರಿಸಿದವನು ಮಣ್ಣಾದ ನೆಲದಲ್ಲೇ ಸುಮಾರು ನೂರು ವರ್ಷಗಳ ಬಳಿಕ ಆ ಸುರುಳಿಯನ್ನು ಕೆರೆದು ತೆಗೆಯುವ ಯೋಚನೆ ಹುಟ್ಟಿತು.

1857ರ ದಂಗೆಯ ಕಿಡಿಗಳಲ್ಲಿ ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ತೋಟಾ ಒಂದು ಎಂಬುದು ಶಾಲೆಯ ಪಾಠದಿಂದಲೇ ನಮಗೆ ಗೊತ್ತು. ಪಾಠದಲ್ಲಿ ಬಾರದ ಭಾಗ ಅದರ ನಂತರದ್ದು. ಆ 1853ರ ಮಾದರಿಯ ಎನ್‌ಫೀಲ್ಡ್, .577 ಇಂಚಿನ ಸುರುಳಿ ನಳಿಗೆಯದು. ಹಳೆಯ ನುಣುಪು ಮಸ್ಕೆಟ್ಟಿನ ಗುರಿ ನೂರು ಗಜಕ್ಕೇ ಸಡಿಲವಾಗುತ್ತಿತ್ತು. ಇದು ಮುನ್ನೂರು, ನಾನೂರು ಗಜದಲ್ಲೂ ಆಳನ್ನು ಬೀಳಿಸುತ್ತಿತ್ತು. ಇಂಥದ್ದು ಮತ್ತೆ ಸಿಪಾಯಿಗಳ ಕೈಗೆ ಹೋಗಬಾರದು, ಆದರೆ ಸಿಪಾಯಿಗಳ ಕೈ ಬರಿದಾಗಿಯೂ ಇರಬಾರದು. ಈ ಇಕ್ಕಟ್ಟಿಗೆ ಸಿಕ್ಕ ಪರಿಹಾರವೇ ಭಾರತದ ಸೇವೆಗೆಂದು ರೂಪಿಸಿದ 1858ರ ಮಾದರಿ. ನೋಡಲು ಅದೇ ಎನ್‌ಫೀಲ್ಡ್, ಅದೇ ಉದ್ದ, ಅದೇ ಬಂದೋಬಸ್ತು. ಒಳಗೆ ಮಾತ್ರ ಸುರುಳಿಯಿಲ್ಲ: .577ರ ನಳಿಗೆಯನ್ನು .656 ಇಂಚಿಗೆ ಕೊರೆದು ನುಣುಪು ಮಾಡಿದ್ದರು. ದೂರಕ್ಕೆ ಗುರಿ ಹಿಡಿಯಲು ಏರಿಸಿ ಇಳಿಸುವ ಹಿಂಗುರಿಯನ್ನೂ ತೆಗೆದು ಅಲುಗದ ಒಂದು ತುಂಡು ಕೂರಿಸಿದರು.

ಕೊಳ್ಳುವವರು ಗಮನಿಸಬೇಕಾದ ಮೊದಲ ಸಂಗತಿ ಇಲ್ಲಿದೆ. ಕಬ್ಬಿಣವನ್ನು ಒಳಗಿನಿಂದ ಕೊರೆದರೆ ಗೋಡೆ ತೆಳ್ಳಗಾಗುತ್ತದೆ. 1858ರ ಆ ನಳಿಗೆಗಳು ಹಾಗೆಯೇ ತೆಳುವಾಗಿ, ಬಾಗುವ, ಉಬ್ಬುವ ದೂರುಗಳು ಬಂದು, ಮರುವರ್ಷವೇ ದಪ್ಪ ಗೋಡೆಯ 1859ರ ಮಾದರಿ ಮಾಡಬೇಕಾಯಿತು. ಆ ಕಾಲದ ಅತ್ಯುತ್ತಮ ಕಾರ್ಖಾನೆ, ಅಳತೆಗೋಲು, ಪರೀಕ್ಷಕರು ಎಲ್ಲ ಇದ್ದೂ ಆದ ಎಡವಟ್ಟು ಇದು. ಹಳ್ಳಿಯ ಕೊಟ್ಟಿಗೆಯಲ್ಲಿ ಲೇತು ಹಾಕಿ ಕೊರೆದ ನಳಿಗೆಯ ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಯಾರು ಅಳೆದಿರುತ್ತಾರೆ?

ಸೈನ್ಯದೊಳಗೆ ಸುರುಳಿ ತೆಗೆದರೆ ಊರೊಳಗೆ ಆಯುಧವನ್ನೇ ತೆಗೆದರು. 1857ರ ಕೊನೆಯಲ್ಲಿ ಮುಧೋಳದ ಹಲಗಲಿಯ ಬೇಡರು ನಿಶ್ಶಸ್ತ್ರೀಕರಣದ ಆಜ್ಞೆಯನ್ನು ಧಿಕ್ಕರಿಸಿ ನಿಂತರು, ಬ್ರಿಟಿಷರು ಊರನ್ನೇ ಸುಟ್ಟರು. ಲಾವಣಿಯಾಗಿ ಉಳಿದುಬಂದ ಆ ಕತೆ ಕನ್ನಡಿಗರಿಗೆ ಹೊಸದಲ್ಲ. ನಮ್ಮ ಜಿಲ್ಲೆಯಲ್ಲೂ 1858, 59ರಲ್ಲಿ ಸೂಪಾ ಕಡೆಯ ಕಾಡಿನಲ್ಲಿ ಸಾವಂತರ ಮತ್ತು ಸಿದ್ದಿಗಳ ಗುಂಪುಗಳು ಬ್ರಿಟಿಷ್ ಪಡೆಯನ್ನು ಕಾಡಿದವು. ಕೊಡಗಿನಲ್ಲಿ ನಡೆದದ್ದು ಬೇರೆ: ನಿಷ್ಠರಾಗಿದ್ದರೆಂದು ಮೆಚ್ಚಿ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ಕೊಡವರಿಗೆ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟ. ಅದು ಬೇರೆ ಬೇರೆ ರೂಪದಲ್ಲಿ ಇಂದಿನವರೆಗೆ ನಡೆದುಬಂದಿದೆ. ಮಡಿಕೇರಿಯ ಕಡೆ ಮನೆಯಲ್ಲಿ ಕೋವಿ ಪೂಜೆಗೊಳ್ಳುವುದಕ್ಕೂ ಹೊನ್ನಾವರದ ಕಡೆ ಕೋವಿಯೆಂದರೆ ಕಾರವಾರದ ಕಚೇರಿಗೆ ಅಲೆದಾಟ ಎನ್ನುವುದಕ್ಕೂ ಬೇರು ಆ ಎರಡು ಮೂರು ವರ್ಷಗಳಲ್ಲಿದೆ. 1878ರಲ್ಲಿ ವೈಸರಾಯ್ ಲಿಟ್ಟನ್ನನ ಶಸ್ತ್ರಾಸ್ತ್ರ ಕಾಯಿದೆ ಬಂತು. ಭಾರತೀಯನಿಗೆ ಪರವಾನಗಿ ಬೇಕು, ಯುರೋಪಿಯನ್ನನಿಗೆ ಬೇಡ ಎಂಬ ಆ ಕಾಯಿದೆಯನ್ನು ಗಾಂಧೀಜಿಯಂಥ ಅಹಿಂಸಾವಾದಿಯೇ 1918ರಲ್ಲಿ ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೃತ್ಯವೆಂಬಂತೆ ಖಂಡಿಸಿದರು.

ಇತ್ತ ಸೈನ್ಯದಲ್ಲಿ ಒಂದು ಪದ್ಧತಿಯೇ ಬೆಳೆಯಿತು. ಬ್ರಿಟಿಷ್ ಸೈನಿಕನಿಗೆ ಹೊಸ ರೈಫಲ್ ಬಂದ ಮೇಲೆ ಅವನು ಬಿಟ್ಟ ಹಳೆಯದು ಭಾರತೀಯ ಸೈನಿಕನಿಗೆ. ಅವನಿಗೆ ಮಾರ್ಟಿನಿ ಬಂದಾಗ ಇವನಿಗೆ ಸ್ನೈಡರ್, ಅವನಿಗೆ ಲೀ ಮೆಟ್‌ಫೋರ್ಡ್ ಬಂದಾಗ ಇವನಿಗೆ ಮಾರ್ಟಿನಿ. ಸದಾ ಒಂದು ತಲೆಮಾರು ಹಿಂದೆ.

ನಮ್ಮ ತೋಟಿಗರಿಗೆ ತೋರಿಸಿದ್ದು ಈ ಲೀ ಮನೆತನದ ಕೋವಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಕೆನಡಾದಲ್ಲಿ ಬೆಳೆದ ಜೇಮ್ಸ್ ಪ್ಯಾರಿಸ್ ಲೀ, ಗಡಿಯಾರ ರಿಪೇರಿಯ ಮನೆಯ ಮಗ. ಬೋಲ್ಟಿನ ಕೆಳಗೆ ತೋಟಾಗಳನ್ನು ಒಂದರ ಮೇಲೊಂದು ಪೇರಿಸಿಡುವ ಕಳಚುವ ಪೆಟ್ಟಿಗೆಗೆ 1879ರಲ್ಲಿ ಪೇಟೆಂಟ್ ಪಡೆದ. 1888ರಲ್ಲಿ ಬ್ರಿಟಿಷ್ ಸೇನೆ ಅದನ್ನು .303 ತೋಟಾದೊಂದಿಗೆ ಒಪ್ಪಿಕೊಂಡಿತು. ಹೊಸ ಕಾರ್ಡೈಟ್ ಮದ್ದಿನ ಕಾವಿಗೆ ಮೆಟ್‌ಫೋರ್ಡನ ಆಳವಿಲ್ಲದ ಗೀರು ಬೇಗ ಸವೆಯಿತಾದ್ದರಿಂದ 1895ರಲ್ಲಿ ಎನ್‌ಫೀಲ್ಡ್ ಕಾರ್ಖಾನೆಯ ಆಳದ ಗೀರು ಬಂತು, ಹೆಸರು ಲೀ ಎನ್‌ಫೀಲ್ಡ್ ಆಯಿತು. 1907ರ ಮೂರನೇ ಮಾರ್ಕ್ ಮೊದಲ ಮಹಾಯುದ್ಧವನ್ನು ಕಂಡಿತು. ಕಲ್ಕತ್ತೆಯ ಉತ್ತರಕ್ಕೆ, ಕಂಪನಿಯ ಕಾಲದ ಮದ್ದಿನ ಕಾರ್ಖಾನೆಯಿದ್ದ ಇಶಾಪುರದಲ್ಲಿ ರೈಫಲ್ ಕಾರ್ಖಾನೆ ಶುರುವಾಗಿ ಅಲ್ಲೂ ಇದೇ ತಯಾರಾಯಿತು. ಭಾರತದ ಪೊಲೀಸರ ಹೆಗಲಿನಿಂದ ಇದು ಇಳಿದದ್ದು ತೀರಾ ಈಚೆಗೆ. ಉತ್ತರ ಪ್ರದೇಶದ ಪೊಲೀಸರು ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಒಳ್ಳೆಯ ಕೋವಿ, ಅದರಲ್ಲಿ ಸಂಶಯವಿಲ್ಲ. ಅದೇ ಸರ್ಕಾರದ ತಲೆನೋವೂ ಆಯಿತು. ವಾಯವ್ಯ ಗಡಿಯಲ್ಲಿ ಕದ್ದ ರೈಫಲ್ಲುಗಳಿಗೆ ತೋಟಾ ಎಲ್ಲಿಂದ ಸಿಗುತ್ತಿದೆ ಎಂಬ ಚಿಂತೆಯಲ್ಲಿದ್ದವರಿಗೆ ಆಗ ಒಂದು ತಿಳಿವು ಮೂಡಿತು. ಈ ಇಡೀ ಕತೆಯ ನಡುಮನೆ ಇದೇ ಎಂದು ನನ್ನ ಎಣಿಕೆ. ಕೋವಿಯನ್ನು ಹಿಡಿಯುವುದಕ್ಕಿಂತ ತೋಟಾವನ್ನು ಹಿಡಿಯುವುದು ಸುಲಭ. ಕೋವಿ ನೂರು ವರ್ಷ ಬಾಳುತ್ತದೆ, ಅಟ್ಟದ ಮೇಲೆ ಅಡಗುತ್ತದೆ. ತೋಟಾ ಮಾತ್ರ ಪ್ರತಿ ಸಲ ಹೊಸದು ಬೇಕು. ಹಾಗಾದರೆ ನಾಗರಿಕರ ಪೇಟೆಯಲ್ಲಿ ಸೇನೆಯ ತೋಟಾ ಸಿಗದಂತೆ ಮಾಡಿದರಾಯಿತು.

1907ರ ಹೊತ್ತಿಗೆ ಭಾರತದಲ್ಲಿ ಮತ್ತು ಸುಡಾನಿನಲ್ಲಿ .450 ಗಾತ್ರದ ಬೇಟೆ ರೈಫಲ್ಲುಗಳಿಗೂ ತಡೆ ಬಿತ್ತು, ಅವುಗಳ ಗುಂಡು ಹಳೆಯ ಮಾರ್ಟಿನಿಗೆ ಆದೀತೆಂಬ ಭಯಕ್ಕೆ. ಆನೆ, ಕಾಟಿ ಹೊಡೆಯುವ ಸಾಹೇಬರಿಗೆಂದು ಲಂಡನ್ನಿನ ಕೋವಿ ತಯಾರಕರು ತಡೆಯನ್ನು ತಪ್ಪಿಸುವ ಅಳತೆಗಳನ್ನು ಹುಡುಕಿದರು: .465, .470, .475, .476. ಆಫ್ರಿಕಾದಲ್ಲಿ ಇಂದಿಗೂ ದೊಡ್ಡ ಬೇಟೆಯ ಹೆಸರಾದ .470ಕ್ಕೆ ದಾರಿ ತೆರೆದದ್ದು ಭಾರತದ ಒಂದು ಸರ್ಕಾರಿ ತಡೆಯಾಜ್ಞೆ. ತೇಜಸ್ವಿಯವರ ಮೂಲಕ ನಮಗೆ ಪರಿಚಯವಾದ ಬೇಟೆಗಾರ ಕೆನೆತ್ ಆಂಡರ್ಸನ್ ಕೈಯಲ್ಲಿ ಇದ್ದದ್ದು .405 ವಿಂಚೆಸ್ಟರ್, ಸೇನೆಯ ತೋಟಾಕ್ಕೆ ಸಂಬಂಧವಿಲ್ಲದ ಅಳತೆ.

ಅಷ್ಟು ದುಡ್ಡಿಲ್ಲದವರಿಗೆ ಬೇರೆ ದಾರಿ ಹುಡುಕಿದವರಲ್ಲಿ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿ ಮುಖ್ಯ. ನಮ್ಮ ಹಿರಿಯರು ಸೈಕಲ್ಲಿನ ಮೇಲೆ ಕಂಡ ಆ ಗುರುತು, ಒಂದಕ್ಕೊಂದು ಆತು ನಿಂತ ಮೂರು ಬಂದೂಕು, ಈ ಕಂಪನಿಯ ಮೂಲ ಕಸುಬನ್ನು ಹೇಳುತ್ತದೆ. ಲೀಯ ಬೋಲ್ಟು, ಲೀಯ ಪೆಟ್ಟಿಗೆ ಹಾಗೇ ಇರಲಿ. ತೋಟಾ ಮಾತ್ರ ಬ್ರಿಟಿಷ್ ಸೇನೆಯದಲ್ಲದ್ದು ಇರಲಿ. ಆಸ್ಟ್ರಿಯಾ ಹಂಗೆರಿಯ ಸೇನೆಯ 8 ಮಿ.ಮೀ. ಮ್ಯಾನ್‌ಲಿಕರ್ ತೋಟಾ ಸಿಕ್ಕಿತು. ಅದರ ಕೋಶದ ಉದ್ದ 50 ಮಿ.ಮೀ., .303ರದು 56. ಬುಡ .303ಕ್ಕಿಂತ ದಪ್ಪ. ಒಂದರದು ಇನ್ನೊಂದರ ಕೊಠಡಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಎಂಟು ಮಿಲಿಮೀಟರನ್ನು ಇಂಚಿಗೆ ತಿರುಗಿಸಿದರೆ .315. ಉತ್ತರ ಭಾರತದಲ್ಲಿ ಮನೆಮಾತಾದ, ಇಶಾಪುರ ಸ್ವಾತಂತ್ರ್ಯಾನಂತರವೂ ನಾಗರಿಕರಿಗೆಂದು ಮಾಡುತ್ತ ಬಂದ .315 ಸ್ಪೋರ್ಟಿಂಗ್ ರೈಫಲ್ಲಿನ ಹುಟ್ಟು ಹೀಗೆ. ಮೈ ಲೀ ಎನ್‌ಫೀಲ್ಡಿನದು, ಹೊಟ್ಟೆಗೆ ಹಾಕುವ ತುತ್ತು ವಿಯೆನ್ನಾದ್ದು.

ಇನ್ನೊಂದು ಮಾರ್ಪಾಡು ಪೊಲೀಸರಿಗಾಗಿ, ಜೈಲು ಕಾವಲುಗಾರರಿಗಾಗಿ ನಡೆಯಿತು. ಇಲ್ಲಿ 1858ರ ವಿದ್ಯೆ ಮರಳಿ ಬಂತು. .303ರ ಸುರುಳಿಯನ್ನು ಕೊರೆದು ತೆಗೆದು .410 ಇಂಚಿನ ನುಣುಪು ನಳಿಗೆ ಮಾಡಿದರು. ತೋಟಾದ ಪೆಟ್ಟಿಗೆಯ ಜಾಗಕ್ಕೆ ಮರದ ತುಂಡು ತುಂಬಿದರು, ಒಂದೊಂದೇ ಈಡು ಹಾಕಿಕೊಳ್ಳಲಿ ಎಂದು. ತೋಟಾವನ್ನೂ .303ರ ಹಿತ್ತಾಳೆ ಕೋಶದಿಂದಲೇ ಮಾಡಿದರು: ಕತ್ತು ಕಿರಿದಾಗಿಸದೆ, ನೇರ ಕೊಳವೆಯಾಗಿಯೇ ಬಿಟ್ಟು, ಅದರಲ್ಲಿ ಒಂದು ಗುಂಡು ಅಥವಾ ಚರೆ. ಗಲಭೆಯಲ್ಲಿ ಪೊಲೀಸನ ಕೈಯಿಂದ ಕಿತ್ತುಕೊಂಡರೂ ಕಿತ್ತವನಿಗೆ ಸಿಗುವುದು ಹತ್ತಿರಕ್ಕಷ್ಟೇ ಹೊಡೆಯುವ ಒಂಟಿ ಈಡಿನ ಕೋವಿ. ಇದನ್ನೇ .410 ಮಸ್ಕೆಟ್ ಎನ್ನುವುದು. ದಶಕಗಳ ಕಾಲ ಠಾಣೆಗಳ ಗೋಡೆಗೆ ಒರಗಿ ನಿಂತದ್ದು.

ತೋಟಿಗರು ವರ್ಣಿಸಿದ ಗುರುತುಗಳು ನೇರ ಇದಕ್ಕೇ ಹೊಂದುತ್ತಿದ್ದವು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದರೆ ನುಣುಪು, ಬೋಲ್ಟ್ ಹಿಂದಕ್ಕೆಳೆದರೆ ಕೆಳಗೆ ಮರದ ತುಂಡು. “ಹಾಗಾರೆ ಇದು ರೈಫಲ್ಲೇ ಅಲ್ಲ, ಚರೆ ಕೋವಿಯೇ ಆತಲ” ಎಂದು ಅವರಿಗೆ ಸಮಾಧಾನ. ಮಾರುವವನೂ ಅದನ್ನೇ ಹೇಳಿದ್ದನಂತೆ. ಇಲ್ಲೇ ಮನುಷ್ಯ ಎಡವುವುದು.

ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆ ಹಾಗೂ ಅದರಡಿ 1962ರಲ್ಲಿ ಬಂದ ನಿಯಮಗಳು ಬ್ರಿಟಿಷರು ಕಂಡುಕೊಂಡ ಆ ತಿಳಿವನ್ನೇ ಮುಂದುವರಿಸಿದವು. ಬೆಳೆಗಾರನ ಕಣ್ಣು ನಳಿಗೆಯ ಮೇಲಿದ್ದರೆ ಕಾಯಿದೆಯ ಕಣ್ಣು ತೋಟಾದ ಮೇಲೆ. .303 ಅಥವಾ 7.62 ಮಿ.ಮೀ. ಸೇನಾ ತೋಟಾವನ್ನು ತುಂಬಿ ಹೊಡೆಯಬಲ್ಲ ಯಾವುದೇ ರೈಫಲ್ ನಿಷೇಧಿತ ವರ್ಗದ್ದು ಎಂದ 1962ರ ಅನುಸೂಚಿ, ಅದೇ ಉಸಿರಿನಲ್ಲಿ .410 ಮಸ್ಕೆಟ್ಟನ್ನೂ, ಆ ಮಸ್ಕೆಟ್ಟಿನ ತೋಟಾ ತಿನ್ನುವ ಬೇರೆ ಯಾವುದೇ ಕೋವಿಯನ್ನೂ ಸೇರಿಸಿತು. ಸುರುಳಿ ಹೋದರೂ ಸೇನೆಯ ನಂಟು ಹೋಗಲಿಲ್ಲ. ಅಂಥದ್ದಕ್ಕೆ ಜಿಲ್ಲಾಧಿಕಾರಿ ಪರವಾನಗಿ ಕೊಡಲಾರರು. ಪರವಾನಗಿಯಿಲ್ಲದೆ ನಿಷೇಧಿತ ಆಯುಧ ಇಟ್ಟುಕೊಂಡರೆ 2019ರ ತಿದ್ದುಪಡಿಯ ನಂತರ ಏಳರಿಂದ ಹದಿನಾಲ್ಕು ವರ್ಷ ಸೆರೆ. ಅದೇ ತಿದ್ದುಪಡಿ ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಮಾರ್ಪಡಿಸುವುದನ್ನೂ ನಳಿಗೆ ಮೊಟಕು ಮಾಡುವುದರ ಸಾಲಿಗೆ ಸೇರಿಸಿತು. ಪರವಾನಗಿಯಿಲ್ಲದೆ ಹಾಗೆ ಮಾಡಿದವನಿಗೆ ಏಳು ವರ್ಷದಿಂದ ಜೀವಾವಧಿಯವರೆಗೆ. ಹಂದಿ ತಿಂದ ಬಾಳೆಯ ನಷ್ಟ ಒಂದು ಬೆಳೆಯದು. ಇದು ಒಂದು ಸಂಸಾರದ್ದು.

ಕಾಯಿದೆಯನ್ನು ಬದಿಗಿಟ್ಟರೂ ನಾನು ಬೇಡವೆನ್ನುತ್ತಿದ್ದೆ. ಆ ಮಸ್ಕೆಟ್ಟುಗಳ ಕಾಲದ ತೋಟಾಗಳ ಕೇಪುಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಈಡಾದ ಮೇಲೆ ಅದು ನಳಿಗೆಯೊಳಗೆ ಉಪ್ಪನ್ನು ಬಿಟ್ಟುಹೋಗುತ್ತದೆ. ಬ್ರಿಟಿಷ್ ಸೈನಿಕರು ನಳಿಗೆಗೆ ಕುದಿನೀರು ಸುರಿದು ತೊಳೆಯುತ್ತಿದ್ದುದು ಇದಕ್ಕೇ. ತೊಳೆಯದೆ ಬಿಟ್ಟ ಉಪ್ಪು ಗಾಳಿಯ ತೇವವನ್ನೆಳೆದು ಕಬ್ಬಿಣ ತಿನ್ನುತ್ತದೆ. ಒಳಗಿನಿಂದ ಈ ಉಪ್ಪು, ಹೊರಗಿನಿಂದ ನಮ್ಮ ಕಡಲಗಾಳಿ, ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದ ಮಳೆ. ಮೇಲೆ ಎಣ್ಣೆ ಸವರಿ ಹೊಳೆಯುವಂತೆ ಮಾಡಿದ ನಳಿಗೆಯೊಳಗೆ ಕುಳಿ ಬಿದ್ದಿರುವುದು ಹೊರಗೆ ಕಾಣುವುದಿಲ್ಲ. ಮೊದಲೇ ಕೊರೆದು ತೆಳುವಾದ ಗೋಡೆಗೆ ಕುಳಿಯೂ ಸೇರಿದರೆ ಅದು ಒಡೆಯುವುದು ಕೆನ್ನೆ ಆನಿಸಿಕೊಂಡವನ ಮುಖದ ಮುಂದೆಯೇ.

ಬೋಲ್ಟು ಮುಚ್ಚಿದಾಗ ತೋಟಾದ ಅಂಚಿಗೆ ಉಳಿಯುವ ಜಾಗ .303ರಲ್ಲಿ .064ರಿಂದ .074 ಇಂಚಿನೊಳಗೆ ಇರಬೇಕು. ಇಂಚಿನ ನೂರನೇ ಒಂದು ಭಾಗದ ಆಟ ಅಷ್ಟೇ. ಬೇರೆ ಬೇರೆ ಕೋವಿಯ ಭಾಗ ಜೋಡಿಸಿದಾಗ ಇದು ಮೊದಲು ಕೆಡುತ್ತದೆ. ಬೋಲ್ಟಿನ ಮೇಲಿನ ನಂಬರಿಗೂ ಮೈ ಮೇಲಿನ ನಂಬರಿಗೂ ತಾಳೆಯಿಲ್ಲದಿದ್ದರೆ ಅಲ್ಲಿಗೇ ಮಾತು ಮುಗಿಸಬೇಕು. ನಂಬರನ್ನೇ ಅರ ಹಾಕಿ ಉಜ್ಜಿದ್ದರೆ ಮುಟ್ಟಲೇಬಾರದು. ಅಳಿಸಿದವನು ಕೋವಿ ಇಟ್ಟುಕೊಂಡವನೇ ಎಂದು ಕಾಯಿದೆ ಎಣಿಸುತ್ತದೆ, ಅಲ್ಲವೆಂದು ಸಾಬೀತು ಮಾಡುವ ಹೊರೆ ಅವನ ಮೇಲೆಯೇ. ತೋಟಾದ ಗತಿಯೂ ಅಷ್ಟೇ. ಅಂಗಡಿಯ ಸಾಮಾನ್ಯ .410 ತೋಟಾ ಈ ಮಸ್ಕೆಟ್ಟಿನ ಕೊಠಡಿಗೆ ಹೊಂದುವುದಿಲ್ಲ, ಮಸ್ಕೆಟ್ಟಿನದೇ ತೋಟಾ ಪೇಟೆಯಲ್ಲಿ ಸಿಗುವುದಿಲ್ಲ. ಹಾಗಾಗಿ ಮುಂದಿನ ಹೆಜ್ಜೆಯಾಗಿ ಕೊಠಡಿಯನ್ನೂ ಕೊರೆಸುವ ಸಲಹೆ ಬರುತ್ತದೆ.

“.315 ಆದರೆ ಕಾಯಿದೆಗೆ ಸರಿಯಲ್ಲವಾ?” ಎಂದರೆ, ಅದು ನಿಷೇಧಿತವಲ್ಲ ನಿಜ. ಆದರೆ ತೋಟ ಕಾಯಲು ಅದು ತಕ್ಕದ್ದೂ ಅಲ್ಲ. ಸುರುಳಿ ನಳಿಗೆಯ ಗುಂಡು ಗುರಿ ತಪ್ಪಿದರೆ ಮೈಲಿಗಟ್ಟಲೆ ಹೋಗಬಲ್ಲದು. ನಮ್ಮ ಕಣಿವೆಗಳಲ್ಲಿ ತೋಟದಾಚೆ ಗದ್ದೆ, ಗದ್ದೆಯಾಚೆ ಇನ್ನೊಬ್ಬರ ಅಂಗಳ. ಚರೆ ಹತ್ತಿರದಲ್ಲೇ ಸೋತು ಬೀಳುತ್ತದೆ, ಅದರ ಆ ಸೋಲೇ ಇಲ್ಲಿ ನಮ್ಮ ರಕ್ಷಣೆ.

ಬೆಳೆಗಾರನಿಗೆ ಕಾಯಿದೆ ಬಾಗಿಲು ಮುಚ್ಚಿಲ್ಲ ಎಂಬುದನ್ನು ಹೇಳದೆ ಬಿಟ್ಟರೆ ಈ ಕತೆ ಅರ್ಧವಾದೀತು. 1959ರ ಕಾಯಿದೆಯ 13ನೇ ಸೆಕ್ಷನ್ನು, ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿ ಕೇಳಿದವರಿಗೆ ಪರವಾನಗಿ ಕೊಡತಕ್ಕದ್ದು ಎನ್ನುತ್ತದೆ. ಅದರ ಕೆಳಗೇ ಇನ್ನೊಂದು ಮಾತಿದೆ, ಬಹಳ ಜನರಿಗೆ ತಿಳಿಯದ್ದು: ಕೇಪಿನ ಕೋವಿಯಿಂದ ಬೆಳೆ ಉಳಿಯದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿಗೆ ಪರವಾನಗಿ ಕೊಡಬಹುದು. ಹನ್ನೆರಡು ಬೋರಿನ ತೋಟಾ ಕೋವಿಗೆ ದಾರಿ ಇದು. ಪರವಾನಗಿ ಇರುವ ಇನ್ನೊಬ್ಬರಿಂದ ಹಳೆಯದನ್ನು ಕೊಳ್ಳುವುದಾದರೂ, ಮಾರುವವರು ಜಿಲ್ಲಾ ದಂಡಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದುಕೊಟ್ಟು 45 ದಿನ ಕಳೆದ ಮೇಲೆಯೇ ಕೈ ಬದಲಾಗಬೇಕು. ಗಡಿಬಿಡಿ ಮಾಡಿ ಇವತ್ತೇ ತಗೊಂಡು ಹೋಗಿ ಎನ್ನುವವನ ಮಾತಿನಲ್ಲಿ ಈ 45 ದಿನ ಇರುವುದೇ ಇಲ್ಲ. ಅಭಯಾರಣ್ಯದ ಹತ್ತು ಕಿಲೋಮೀಟರೊಳಗೆ ಮನೆಯಿದ್ದರೆ ವನ್ಯಜೀವಿ ಕಾಯಿದೆಯ 34ನೇ ಸೆಕ್ಷನ್ನಿನಂತೆ ಅರಣ್ಯ ಇಲಾಖೆಯಲ್ಲೂ ಹೆಸರು ದಾಖಲಾಗಬೇಕು. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದ ಅಂಚಿನಲ್ಲಿರುವ ಹೊನ್ನಾವರದವರಿಗೆ ಇದು ಬರೀ ಪುಸ್ತಕದ ಮಾತಲ್ಲ. ಪರವಾನಗಿ ಕೈಗೆ ಬಂತೆಂದರೆ ಪ್ರಾಣಿಯನ್ನು ಕೊಲ್ಲಲು ಅಪ್ಪಣೆ ಸಿಕ್ಕಿತೆಂದೂ ಅಲ್ಲ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು. ಗಾಳಿಗೆ ಹೊಡೆದ ಒಂದು ಈಡಿನ ಸದ್ದು ಹಂದಿಯ ಹಿಂಡನ್ನು ಓಡಿಸುತ್ತದೆ, ಹೆಚ್ಚಿನ ರಾತ್ರಿಗಳಲ್ಲಿ ಬೇಕಾದದ್ದು ಅಷ್ಟೇ.

ಈ ದಾರಿ ನಿಧಾನದ್ದು, ಬೇಸರದ್ದು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ, ಅದೇ ಹೊತ್ತಿಗೆ ಹಂದಿ ನುಗ್ಗುವುದನ್ನು ನೋಡುತ್ತ ಕೂರುವ ಸಂಕಟವನ್ನು ಬೆಳೆಗಾರರು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ಅವರ ಮಾತಿನಲ್ಲಿ ನ್ಯಾಯವಿದೆ. ಅಗ್ಗದ ಕಳ್ಳ ಕೋವಿ ಮಾರುವವರಿಗೆ ದಾರಿ ಮಾಡಿಕೊಡುವುದೂ ಈ ವಿಳಂಬವೇ. ಅರ್ಜಿಗಳನ್ನು ಬೇಗ ವಿಲೇವಾರಿ ಮಾಡುವುದು ಕಾನೂನು ಪಾಲನೆಯದೇ ಒಂದು ಭಾಗವೆಂದು ಕಚೇರಿಗಳು ತಿಳಿಯಬೇಕು.

ಮಾವ ಆ ಮನುಷ್ಯನಿಗೆ ಬೇಡವೆಂದು ಹೇಳಿ ಕಳಿಸಿದರು. ಈಗ ನಾವಿಬ್ಬರೂ ಕೂತು ಅರ್ಜಿ ಬರೆಯುತ್ತಿದ್ದೇವೆ: ಪಹಣಿ, ತೋಟದ ಗಡಿಗೆ ಕಾಡು ಎಷ್ಟು ಹತ್ತಿರ, ಯಾವ ತಿಂಗಳಲ್ಲಿ ಯಾವ ಬೆಳೆ ಎಷ್ಟು ಹೋಯಿತು, ನಷ್ಟದ ಫೋಟೋ, ಮಳೆಗಾಲದಲ್ಲಿ ಕೇಪಿನ ಕೋವಿ ಯಾಕೆ ಸಾಲದು ಎಂಬುದಕ್ಕೆ ಒಂದು ಪುಟ. ಆ ಒಂದು ಪುಟವನ್ನೇ ಹೆಚ್ಚು ಎಚ್ಚರದಿಂದ ಬರೆಯುತ್ತಿದ್ದೇವೆ, ಅಧಿಕಾರಿಯ ಮನವರಿಕೆ ನಿಂತಿರುವುದು ಅದರ ಮೇಲೆ.